ಮೇಲ್ಮನೆಯ ಮತದಾರರು ಯಾರು?

(ಬಳ್ಳಾರಿಯಲ್ಲಿ ಉಪಾಧ್ಯಾಯರೂ ನಾಗರಿಕರೂ ನೆರೆದ ಸಭೆಯಲ್ಲಿ ವಕೀಲರೊಬ್ಬರು ಮಾಡಿದ ಭಾಷಣ)



ಸಿರುಗುಪ್ಪದ ಒಂದೇ ಬೀದಿಯಲ್ಲಿ ಎರಡು ಶಾಲೆಗಳಿವೆಯೆಂದು ಭಾವಿಸಿಕೊಳ್ಳಿರಿ. ಒಂದು ಪ್ರಾಥಮಿಕ ಶಾಲೆ, ಮತ್ತೊಂದು ಪ್ರೌಢಶಾಲೆ. ಪ್ರೌಢಶಾಲೆಯಲ್ಲಿ ಮೂರು ವರ್ಷ ಪಾಠ ಹೇಳಿದ ಪದವೀಧರ ಉಪಾಧ್ಯಾಯರಿಗೆ ನಮ್ಮ ರಾಜ್ಯದ ವಿಧಾನ ಪರಿಷತ್ತಿನ ಸದಸ್ಯರನ್ನು ಆರಿಸುವುದಕ್ಕೆ ಎರಡು ಮತಗಳುಂಟು. ಶಿಕ್ಷಕರೆಂದು ಒಂದು, ಪದವೀಧರರೆಂದು ಇನ್ನೊಂದು. ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಅಕ್ಷರ ತಿದ್ದಿಸಿದ, ಆದರೆ ಪದವಿಯನ್ನು ಪಡೆಯದ ಉಪಾಧ್ಯಾಯರಿಗೆ ಒಂದು ಮತವೂ ಇಲ್ಲ. ವಿಧಾನಸಭೆಯ ಚುನಾವಣೆಯ ದಿವಸ ಇವರಿಬ್ಬರೂ ಒಂದೇ ಸಾಲಿನಲ್ಲಿ ನಿಂತು ಸಮಾನರಾಗಿ ಮತ ಕೊಡುವರು. ಪರಿಷತ್ತಿನ ಚುನಾವಣೆಯ ದಿವಸ ಒಬ್ಬರು ಮತಗಟ್ಟೆಗೆ ಹೋಗುವರು, ಇನ್ನೊಬ್ಬರು ಮನೆಯಲ್ಲಿ ಕುಳಿತಿರುವರು. ಹೀಗೆ ಒಂದೇ ಊರಿನ ಒಂದೇ ವೃತ್ತಿಯ ಇಬ್ಬರು ಪೌರರನ್ನು ಬೇರ್ಪಡಿಸುವ ಈ ಗೆರೆಯನ್ನು ಎಳೆದವರು ಯಾರು, ಏತಕ್ಕೆ ಎಳೆದರು, ಅದನ್ನು ಅಳಿಸಲು ಸಾಧ್ಯವೋ ಎಂಬುದೇ ನನ್ನ ಇಂದಿನ ವಿಷಯ.

ಈ ಗೆರೆಯ ಸ್ವಭಾವವನ್ನು ತಿಳಿಯಬೇಕಾದರೆ ನಾವು ಸ್ವಲ್ಪ ದೂರ ಹೋಗಬೇಕಾಗುತ್ತದೆ. ಜನರಿಂದಲೇ ರಾಜ್ಯವೆಂದು ಸಾರಿ ಹೊಸದಾಗಿ ಸಂವಿಧಾನಗಳನ್ನು ಬರೆದುಕೊಂಡವರಲ್ಲಿ ಅಮೇರಿಕದ ಹದಿಮೂರು ಸಂಸ್ಥಾನಗಳವರು ಮೊದಲಿನವರು. ೧೭೭೬ರಲ್ಲಿ ಇಂಗ್ಲೆಂಡಿನ ಅರಸನ ನೊಗವನ್ನು ಕಳಚಿ ಎಸೆದ ಕೂಡಲೇ ಅವರ ಮುಂದೆ ಒಂದು ತೊಡಕು ಎದ್ದು ನಿಂತಿತು. ಇಂಗ್ಲೆಂಡಿನಲ್ಲಿ ಕೆಳಮನೆ ಸಾಮಾನ್ಯರದು, ಮೇಲ್ಮನೆ ಪ್ರಭುಗಳದು. ಅಮೇರಿಕದಲ್ಲಾದರೋ ವಂಶಪಾರಂಪರ್ಯದ ಪ್ರಭುಗಳೇ ಇಲ್ಲ. ಹಾಗಾದರೆ ಮೇಲ್ಮನೆಯಲ್ಲಿ ಕೂಡತಕ್ಕವರು ಯಾರು? ಅವರನ್ನು ಕಳುಹಿಸತಕ್ಕವರು ಯಾರು?

ಪೆನ್ಸಿಲ್ವೇನಿಯದವರು ಈ ತೊಡಕನ್ನು ಸುಲಭವಾಗಿ ಬಿಡಿಸಿಕೊಂಡರು. ಜನ ಒಂದೇ ಆಗಿರುವಾಗ ಮನೆ ಎರಡೇಕೆಂದು ೧೭೭೬ರಲ್ಲಿ ಒಂದೇ ಸಭೆಯನ್ನು ಸ್ಥಾಪಿಸಿದರು. ಹದಿನಾಲ್ಕು ವರ್ಷಗಳ ಮೇಲೆ, ೧೭೯೦ರಲ್ಲಿ, ಎರಡನೆಯದನ್ನೂ ಕಟ್ಟಿದರು. ಜಾರ್ಜಿಯದವರೂ ಒಂದೇ ಮನೆಯಿಂದ ಆರಂಭಿಸಿ ೧೭೮೯ರಲ್ಲಿ ಎರಡಕ್ಕೆ ಬಂದರು. ಉಳಿದವರೆಲ್ಲ ಮೊದಲಿನಿಂದಲೇ ಎರಡು ಮನೆಗಳನ್ನು ಇಟ್ಟುಕೊಂಡರು. ಮೇಲಿನದಕ್ಕೆ ಬಹುಮಟ್ಟಿಗೆ ಸೆನೆಟ್ ಎಂದು ರೋಮಿನವರ ಹೆಸರನ್ನಿಟ್ಟರು. ಆದರೆ ಪ್ರಭುಗಳಿಲ್ಲದ ನಾಡಿನಲ್ಲಿ ಆ ಮನೆಗೆ ಒಂದು ಬೇರೆ ಆಧಾರ ಬೇಕಲ್ಲವೇ? ಆ ಆಧಾರವನ್ನು ಅವರು ಆಸ್ತಿಯಲ್ಲಿ ಕಂಡರು.

ಇದರ ಅತ್ಯಂತ ಸ್ಪಷ್ಟವಾದ ಉದಾಹರಣೆ ಉತ್ತರ ಕೆರೊಲೈನದ್ದು. ೧೭೭೬ರ ಅವರ ಸಂವಿಧಾನದಂತೆ ಸರಕಾರಕ್ಕೆ ತೆರಿಗೆ ಕೊಡುವ ಸ್ವತಂತ್ರ ಪುರುಷನು ಕೆಳಮನೆಗೆ ಮತ ಕೊಡಬಹುದಾಗಿತ್ತು. ಮೇಲ್ಮನೆಗೆ ಮತ ಕೊಡಬೇಕಾದರೆ ಅವನಿಗೆ ಐವತ್ತು ಎಕರೆ ಸ್ವಂತ ಭೂಮಿ ಇರಬೇಕು. ಮತಗಟ್ಟೆ ಅದೇ, ಮನುಷ್ಯನೂ ಅವನೇ. ಒಂದು ಮತಕ್ಕೆ ಅರ್ಹ, ಇನ್ನೊಂದಕ್ಕೆ ಅನರ್ಹ! ನಾಲ್ವತ್ತೊಂಬತ್ತು ಎಕರೆಯವನಿಗೆ ಇಲ್ಲದ ವಿವೇಕವು ಐವತ್ತನೆಯ ಎಕರೆಯೊಡನೆ ಹೇಗೆ ಉದಯಿಸುವುದೋ ದೇವರೇ ಬಲ್ಲ. ಈ ಕಟ್ಟಳೆಯು ಎಂಬತ್ತು ವರ್ಷ ನಡೆಯಿತು. ೧೮೪೮ರಲ್ಲಿ ಗವರ್ನರ್ ಪದವಿಗೆ ಉಮೇದುವಾರನಾಗಿದ್ದ ಡೇವಿಡ್ ರೀಡ್ ಎಂಬವನು ಇದನ್ನು ತೆಗೆದುಹಾಕಬೇಕೆಂಬುದನ್ನೇ ತನ್ನ ಮುಖ್ಯ ಘೋಷಣೆಯಾಗಿ ಮಾಡಿಕೊಂಡನು. ಆ ಸಲ ಸೋತರೂ ೧೮೫೦ರಲ್ಲಿ ಗೆದ್ದನು. ಕಟ್ಟಳೆಯು ಕಡೆಗೆ ೧೮೫೭ರಲ್ಲಿ ಹೋಯಿತು.

ನ್ಯೂಯಾರ್ಕಿನಲ್ಲಿಯೂ ಇದೇ ಬಗೆ. ೧೭೭೭ರ ಸಂವಿಧಾನದ ಮೇರೆಗೆ ಕೆಳಮನೆಯ ಮತದಾರನಿಗೆ ಇಪ್ಪತ್ತು ಪೌಂಡು ಬೆಲೆಯ ಭೂಮಿಯಾಗಲಿ, ವರ್ಷಕ್ಕೆ ನಾಲ್ವತ್ತು ಶಿಲ್ಲಿಂಗು ಬಾಡಿಗೆಯ ಗೇಣಿಯಾಗಲಿ ಸಾಕಾಗಿತ್ತು. ಇಪ್ಪತ್ತನಾಲ್ಕು ಜನ ಸೆನೆಟರನ್ನು ಆರಿಸುವವನಿಗೆ ಸಾಲವನ್ನು ಕಳೆದು ನೂರು ಪೌಂಡಿನ ಭೂಮಿ ಬೇಕಾಗಿತ್ತು. ಮ್ಯಾಸಚೂಸೆಟ್ಸಿನವರು ಇನ್ನೊಂದು ದಾರಿ ಹಿಡಿದರು. ೧೭೮೦ರ ಅವರ ಸಂವಿಧಾನವು ನಾಲ್ವತ್ತು ಸ್ಥಾನಗಳನ್ನು ಜಿಲ್ಲೆಗಳಿಗೆ ಹಂಚಿದ್ದು ಜನಸಂಖ್ಯೆಯ ಪ್ರಕಾರವಲ್ಲ, ಆ ಜಿಲ್ಲೆ ಕೊಡುವ ತೆರಿಗೆಯ ಪ್ರಕಾರ. ಆ ಸಂವಿಧಾನದ ಕರಡನ್ನು ಬರೆದ ಜಾನ್ ಆಡಮ್ಸರು ೧೮೨೦ರ ಪುನರ್ವಿಮರ್ಶೆಯ ಸಮ್ಮೇಳನಕ್ಕೆ ಎಂಬತ್ತೈದನೆಯ ವಯಸ್ಸಿನಲ್ಲಿ ಬಂದು ಆಸ್ತಿಯ ಆಧಾರವನ್ನು ಸಮರ್ಥಿಸಿದರು. ಹಿರಿಯರ ಮಾತು ಅಂದು ನಡೆಯಿತು. ೧೮೪೦ರ ತಿದ್ದುಪಡಿಯು ತೆರಿಗೆಯ ಲೆಕ್ಕವನ್ನು ತೆಗೆದು ಜನಸಂಖ್ಯೆಯ ಲೆಕ್ಕವನ್ನು ತಂದಿತು.

ಇವೆಲ್ಲಕ್ಕಿಂತಲೂ ನಮಗೆ ಹೆಚ್ಚು ಉಪಯುಕ್ತವಾದದ್ದು ಮೇರಿಲ್ಯಾಂಡಿನ ಚರಿತ್ರೆ. ನಮ್ಮ ಗ್ರಾಮಪಂಚಾಯತಿಯ ಸದಸ್ಯರು ಇಂದು ಮಾಡುತ್ತಿರುವ ಕೆಲಸವನ್ನು ಅಲ್ಲಿ ಇನ್ನೂರೈವತ್ತು ವರ್ಷಗಳ ಹಿಂದೆ ಬೇರೆ ಹೆಸರಿನಿಂದ ಮಾಡುತ್ತಿದ್ದುದರಿಂದ ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುವೆನು.

ಮೇರಿಲ್ಯಾಂಡಿನ ಜನರು ತಮ್ಮ ಸೆನೆಟರನ್ನು ತಾವೇ ಆರಿಸುತ್ತಿರಲಿಲ್ಲ. ಐದು ವರ್ಷಕ್ಕೊಮ್ಮೆ ಪ್ರತಿಯೊಂದು ಕೌಂಟಿಯವರು ಇಬ್ಬರು ನಿರ್ವಾಚಕರನ್ನೂ, ಅನಾಪೊಲಿಸ್ ಮತ್ತು ಬಾಲ್ಟಿಮೋರ್ ಪಟ್ಟಣಗಳವರು ಒಬ್ಬೊಬ್ಬರನ್ನೂ ಆರಿಸುತ್ತಿದ್ದರು. ಈ ನಿರ್ವಾಚಕರು ಅನಾಪೊಲಿಸಿನಲ್ಲಿ ಕೂಡಿ ಹದಿನೈದು ಜನ ಸೆನೆಟರನ್ನು ಚುನಾಯಿಸುತ್ತಿದ್ದರು. ಕೊಲ್ಲಿಯ ಪಶ್ಚಿಮ ದಡದವರು ಒಂಬತ್ತು, ಪೂರ್ವ ದಡದವರು ಆರು. ಸೆನೆಟರಿಗೆ ಸಾವಿರ ಪೌಂಡಿಗೆ ಮೇಲ್ಪಟ್ಟ ಆಸ್ತಿ ಇರಬೇಕಾಗಿತ್ತು. ಮಧ್ಯದಲ್ಲಿ ಒಬ್ಬ ಸೆನೆಟರು ಸತ್ತರೆ ಅಥವಾ ರಾಜೀನಾಮೆ ಕೊಟ್ಟರೆ ಆ ಸ್ಥಾನವನ್ನು ಸೆನೆಟೇ ತನ್ನ ಮತದಿಂದ ತುಂಬಿಕೊಳ್ಳುತ್ತಿತ್ತು! ಜನರ ಕಡೆಗೆ ತಿರುಗಿ ನೋಡುವ ಅಗತ್ಯವೇ ಇರಲಿಲ್ಲ. ಅಮೇರಿಕದ ರಾಷ್ಟ್ರೀಯ ಸಂವಿಧಾನವನ್ನು ಸಮರ್ಥಿಸಿ ಬರೆದ ಮ್ಯಾಡಿಸನ್ನರಂಥವರು ಈ ಸೆನೆಟನ್ನು ಮಾದರಿಯೆಂದು ಹೊಗಳಿದರು. ಅದರ ಧೈರ್ಯವೂ ಸಾಮಾನ್ಯವಾದದ್ದಲ್ಲ. ೧೭೮೫-೮೬ರಲ್ಲಿ ಸಾಲಗಾರರ ಕಷ್ಟವನ್ನು ಕಂಡು ಕೆಳಮನೆಯವರು ಕಾಗದದ ಹಣವನ್ನು ಅಚ್ಚು ಹಾಕಿಸುವ ಮಸೂದೆಯನ್ನು ಅಂಗೀಕರಿಸಿದಾಗ ಈ ಹದಿನೈದು ಜನ ಅದನ್ನು ತಿರಸ್ಕರಿಸಿದರು. ಸಾಲ ಕೊಟ್ಟವರಿಗೆ ಅದು ಸ್ಥೈರ್ಯವಾಗಿ ಕಂಡಿತು, ಸಾಲ ಪಡೆದವರಿಗೆ ಹಟವಾಗಿ ಕಂಡಿತು. ಯಾರು ಸರಿಯೆಂಬುದನ್ನು ಅರ್ಥಶಾಸ್ತ್ರಜ್ಞರಿಗೆ ಬಿಡೋಣ.

ಕಾಲಕ್ರಮದಲ್ಲಿ ಬಾಲ್ಟಿಮೋರ್ ದೊಡ್ಡ ನಗರವಾಯಿತು. ಅದರ ನಿರ್ವಾಚಕನು ಮಾತ್ರ ಆಗಲೂ ಒಬ್ಬನೇ. ಕೆಲವೇ ಜನರಿರುವ ಕೌಂಟಿಗೆ ಇಬ್ಬರು. ೧೮೩೬ರಲ್ಲಿ ನಾಲ್ವತ್ತು ನಿರ್ವಾಚಕರ ಆಯ್ಕೆಯಾಯಿತು. ಅವರಲ್ಲಿ ಇಪ್ಪತ್ತೊಂದು ಜನ ವಿಗ್ ಪಕ್ಷದವರು, ಹತ್ತೊಂಬತ್ತು ಜನ ಡೆಮೊಕ್ರಾಟ್ ಪಕ್ಷದವರು. ಆದರೆ ಹತ್ತೊಂಬತ್ತು ಜನರ ಹಿಂದಿದ್ದ ಪ್ರಜೆಗಳ ಸಂಖ್ಯೆಯೇ ಹೆಚ್ಚಿನದು. ಸಭೆ ಸೇರುವುದಕ್ಕೆ ಇಪ್ಪತ್ತನಾಲ್ಕು ಜನರಾದರೂ ಬೇಕೆಂದು ಕಾನೂನು. ಹತ್ತೊಂಬತ್ತು ಜನ ಒಳಗೆ ಬರುವುದಿಲ್ಲವೆಂದು ಹೊರಗೇ ನಿಂತರು! ಸಂವಿಧಾನದ ಸುಧಾರಣೆಗೆ ಮಾತು ಕೊಡದೆ ನಾವು ಪ್ರಮಾಣ ಸ್ವೀಕರಿಸುವುದಿಲ್ಲವೆಂದರು. ಎರಡು ತಿಂಗಳ ಕಾಲ ಆ ಸಂಸ್ಥಾನವು ಮೇಲ್ಮನೆ ಇರುವುದೋ ಇಲ್ಲವೋ ಎಂಬ ಸ್ಥಿತಿಯಲ್ಲಿತ್ತು. ನವೆಂಬರಿನಲ್ಲಿ ಕೆಲವರು ಮಣಿದು ಒಳಗೆ ಹೋದರು. ವಿಗ್ ಪಕ್ಷದ ಸೆನೆಟೇ ಆಯ್ಕೆಯಾಯಿತು. ಆದರೆ ಗೆದ್ದ ಪಕ್ಷಕ್ಕೂ ಭೀತಿ ತಟ್ಟಿತ್ತು. ಮುಂದಿನ ವರ್ಷ, ೧೮೩೭ರಲ್ಲಿ, ಅದೇ ಶಾಸನಸಭೆಯು ನಿರ್ವಾಚಕರ ಪದ್ಧತಿಯನ್ನು ರದ್ದುಗೊಳಿಸಿ ಕೌಂಟಿಗೊಬ್ಬ ಸೆನೆಟರನ್ನು ಜನರೇ ನೇರವಾಗಿ ಆರಿಸುವಂತೆ ಮಾಡಿತು.

ಅಮೇರಿಕದವರ ಪ್ರಜಾಪ್ರೇಮವನ್ನು ಹೊಗಳುವುದಕ್ಕೆ ನಾನು ಇದನ್ನು ಹೇಳಿದವನಲ್ಲ. ೧೮೨೧ರಲ್ಲಿ ನ್ಯೂಯಾರ್ಕಿನವರು ಬಿಳಿಯರಿಗೆ ಸೆನೆಟಿನ ಆಸ್ತಿಯ ನಿಬಂಧನೆಯನ್ನು ತೆಗೆದುಹಾಕಿದಾಗಲೇ ಕರಿಯರಿಗೆ ಇನ್ನೂರೈವತ್ತು ಡಾಲರಿನ ಆಸ್ತಿ ಇರಬೇಕೆಂದು ಹೊಸ ಬೇಲಿ ಹಾಕಿದರು. ನ್ಯೂಜೆರ್ಸಿಯಲ್ಲಿ ೧೭೭೬ರಿಂದ ಐವತ್ತು ಪೌಂಡಿನ ಸ್ವತ್ತುಳ್ಳ ಹೆಂಗಸರೂ ಎರಡೂ ಮನೆಗಳಿಗೆ ಮತ ಕೊಡಬಹುದಾಗಿತ್ತು. ೧೮೦೭ರಲ್ಲಿ ಆ ಹಕ್ಕನ್ನು ಕಿತ್ತುಕೊಂಡರು. ಒಂದು ಬೇಲಿಯನ್ನು ಕೀಳುವ ಕೈಯೇ ಇನ್ನೊಂದನ್ನು ನೆಡುತ್ತದೆ. ಆದರೂ ಆ ಸಂಸ್ಥಾನಗಳೆಲ್ಲವೂ ಕೊನೆಗೆ ಒಂದು ತೀರ್ಮಾನಕ್ಕೆ ಬಂದವು: ಮೇಲ್ಮನೆ ಇರಲಿ, ಆದರೆ ಕೆಳಮನೆಗೆ ಮತ ಕೊಡುವವನೇ ಅದಕ್ಕೂ ಕೊಡಲಿ. ರಾಷ್ಟ್ರದ ಸೆನೆಟಿಗೂ ಸಂಸ್ಥಾನಗಳ ಶಾಸನಸಭೆಗಳೇ ಸದಸ್ಯರನ್ನು ಆರಿಸುತ್ತಿದ್ದುದು ೧೯೧೩ರಲ್ಲಿ ನಿಂತು, ಜನರೇ ಆರಿಸುವ ಪದ್ಧತಿ ಬಂದಿತು.

ಇನ್ನು ನಮ್ಮ ನೆಲಕ್ಕೆ ಬರೋಣ.

ಮೇಲ್ಮನೆಯೆಂಬುದು ಬಳ್ಳಾರಿಗೆ ಪರಿಚಯವಾದದ್ದು ಬೆಂಗಳೂರಿನಿಂದಲ್ಲ, ಮದ್ರಾಸಿನಿಂದ. ೧೯೩೫ರ ಇಂಡಿಯಾ ಸರಕಾರದ ಕಾಯಿದೆಯು ೧೯೩೭ರಲ್ಲಿ ಆಚರಣೆಗೆ ಬಂದಾಗ ಮದ್ರಾಸ್ ಪ್ರಾಂತಕ್ಕೆ ಎರಡು ಮನೆಗಳಾದವು. ಕೆಳಮನೆಯಲ್ಲಿ ೨೧೫ ಸ್ಥಾನಗಳು, ಮೇಲ್ಮನೆಯಲ್ಲಿ ೫೪ರಿಂದ ೫೬. ಆ ಮೇಲ್ಮನೆಯ ಮತಾಧಿಕಾರವು ಹೆಚ್ಚಿನ ಆಸ್ತಿ ವರಮಾನಗಳುಳ್ಳವರಿಗೂ ಬಿರುದು ಪದವಿಗಳುಳ್ಳವರಿಗೂ ಮೀಸಲಾದದ್ದು. ಉತ್ತರ ಕೆರೊಲೈನದ ಐವತ್ತು ಎಕರೆಯು ಸಮುದ್ರ ದಾಟಿ ನಮ್ಮಲ್ಲಿಗೆ ಬಂದಿತೆನ್ನಬೇಕು. ಕನ್ನಡಿಗರ ಅಂದಿನ ಸ್ಥಿತಿಯನ್ನು ನೆನೆದರೆ ನಗಬೇಕೋ ಅಳಬೇಕೋ ತಿಳಿಯದು. ಬಳ್ಳಾರಿಯವರೂ ಮಂಗಳೂರಿನವರೂ ಮದ್ರಾಸಿನ ಮೇಲ್ಮನೆಯ ಕಡೆಗೆ ನೋಡಬೇಕು; ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳವರು ಮುಂಬಯಿಯ ಮೇಲ್ಮನೆಯ ಕಡೆಗೆ; ಮೈಸೂರಿನವರಿಗೆ ೧೮೮೧ರಿಂದ ಪ್ರಜಾಪ್ರತಿನಿಧಿ ಸಭೆ, ೧೯೦೭ರಿಂದ ನ್ಯಾಯವಿಧಾಯಕ ಸಭೆ; ಕೊಡಗಿನವರಿಗೆ ತಮ್ಮದೇ ಒಂದು ಚಿಕ್ಕ ಕೌನ್ಸಿಲು; ರಾಯಚೂರು, ಕಲಬುರ್ಗಿ, ಬೀದರುಗಳವರು ನಿಜಾಮರ ಆಡಳಿತದಲ್ಲಿ. ತುಂಗಭದ್ರೆಯ ಈ ದಡದ ಸಿರುಗುಪ್ಪದವನಿಗೆ ಒಂದು ಕಾನೂನು, ಆ ದಡದವನಿಗೆ ಇನ್ನೊಂದು. ಭಾಷೆ ಒಂದು, ಬೆಳೆ ಒಂದು, ಬೀಗತನ ಒಂದು. ಮತಾಧಿಕಾರ ಮಾತ್ರ ಐದು ಬಗೆ.

ಮದ್ರಾಸಿನ ಆ ಮೇಲ್ಮನೆಯಿಂದ ನಮ್ಮ ಜಿಲ್ಲೆಗೆ ಒದಗಿದ ಒಂದು ಅನುಭವವನ್ನು ಹೇಳಲೇಬೇಕು. ೧೯೫೨ರ ಸಾರ್ವತ್ರಿಕ ಚುನಾವಣೆಯಲ್ಲಿ ಮದ್ರಾಸಿನ ವಿಧಾನಸಭೆಯಲ್ಲಿ ಯಾವ ಪಕ್ಷಕ್ಕೂ ಬಹುಮತ ಬರಲಿಲ್ಲ. ಆಗ ರಾಜ್ಯಪಾಲರಾಗಿದ್ದ ಶ್ರೀಪ್ರಕಾಶರು ರಾಜಗೋಪಾಲಾಚಾರ್ಯರನ್ನು ವಿಧಾನ ಪರಿಷತ್ತಿಗೆ ನಾಮಕರಣ ಮಾಡಿದರು, ಅವರು ಮುಖ್ಯಮಂತ್ರಿಗಳಾದರು. ರಾಜಾಜಿಯವರ ಯೋಗ್ಯತೆಯನ್ನು ಪ್ರಶ್ನಿಸುವವನು ನಾನಲ್ಲ. ಆದರೆ ವಯಸ್ಕರಿಗೆಲ್ಲ ಮತವೆಂದು ಸಾರಿದ ಮೊದಲನೆಯ ಚುನಾವಣೆಯ ಬೆನ್ನಿಗೇ, ಒಬ್ಬ ಮತದಾರನ ಮುಂದೆಯೂ ನಿಲ್ಲದ ಮಹನೀಯರು ಬಳ್ಳಾರಿಯವರನ್ನೂ ಕೂಡಿಸಿ ಆ ರಾಜ್ಯವನ್ನಾಳಿದರು. ೧೯೫೩ನೆಯ ಅಕ್ಟೋಬರ್ ೧ರಂದು, ಆಂಧ್ರ ರಾಜ್ಯವು ಹುಟ್ಟಿದ ದಿವಸ, ಆದವಾನಿ, ಆಲೂರು, ರಾಯದುರ್ಗಗಳು ಆ ಕಡೆಗೆ ಹೋಗಿ, ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ಮೊದಲಾದ ತಾಲೂಕುಗಳು ಮೈಸೂರಿಗೆ ಸೇರಿದವು. ಬಳ್ಳಾರಿ ತಾಲೂಕಿನ ಪ್ರಶ್ನೆಯನ್ನು ವಿಚಾರಿಸಿದ ಎಲ್. ಎಸ್. ಮಿಶ್ರರ ವರದಿಯ ವಿಷಯ ತಮಗೆ ತಿಳಿದದ್ದೇ. ನಾವು ಬಿಟ್ಟುಬಂದ ಆ ಮದ್ರಾಸಿನ ಮೇಲ್ಮನೆಯು ೧೯೮೬ರಲ್ಲಿ ರದ್ದಾಯಿತು. ನೆರೆಯ ಆಂಧ್ರದ ಪರಿಷತ್ತು ೧೯೫೮ರಲ್ಲಿ ಹುಟ್ಟಿ, ೧೯೮೫ರಲ್ಲಿ ಅಳಿದು, ೨೦೦೭ರಲ್ಲಿ ಮತ್ತೆ ಎದ್ದಿತು. ಕರ್ನಾಟಕದ್ದು ಮಾತ್ರ ಅಳಿಯದೆ ಉಳಿದು ಬಂದಿದೆ. ೧೯೮೭ರಿಂದ ಅದರಲ್ಲಿ ೭೫ ಸ್ಥಾನಗಳು.

ಈ ಎಪ್ಪತ್ತೈದನ್ನು ತುಂಬುವ ಬಗೆ ಸಂವಿಧಾನದ ೧೭೧ನೆಯ ವಿಧಿಯಲ್ಲಿದೆ. ಇಪ್ಪತ್ತೈದು ಸ್ಥಾನಗಳು ಸ್ಥಳೀಯ ಸಂಸ್ಥೆಗಳ ಸದಸ್ಯರಿಂದ, ಇಪ್ಪತ್ತೈದು ವಿಧಾನಸಭೆಯ ಸದಸ್ಯರಿಂದ, ಏಳು ಪದವೀಧರರಿಂದ, ಏಳು ಶಿಕ್ಷಕರಿಂದ. ಹನ್ನೊಂದನ್ನು ರಾಜ್ಯಪಾಲರು ನಾಮಕರಣದಿಂದ ತುಂಬುವರು. ನೋಡಿರಿ, ಆಸ್ತಿಯ ಮಾತೇ ಇಲ್ಲ. ಎಕರೆಯ ಸ್ಥಾನಕ್ಕೆ ಪದವಿಪತ್ರ ಬಂದಿದೆ; ಮೇರಿಲ್ಯಾಂಡಿನ ನಿರ್ವಾಚಕರ ಸ್ಥಾನಕ್ಕೆ ಪಂಚಾಯತಿಯ ಸದಸ್ಯರು ಬಂದಿದ್ದಾರೆ.

ಮೊದಲು ಪಂಚಾಯತಿಯವರ ಮಾತು. ಬಳ್ಳಾರಿ ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ ಪರಿಷತ್ತಿಗೆ ಒಬ್ಬರು ಹೋಗುವರು. ಅವರನ್ನು ಆರಿಸುವವರು ಬಳ್ಳಾರಿ ಮಹಾನಗರಪಾಲಿಕೆಯ ಸದಸ್ಯರು, ಸಿರುಗುಪ್ಪ ಕುರುಗೋಡು ಮೊದಲಾದ ಊರುಗಳ ಪೌರಸಂಸ್ಥೆಗಳ ಸದಸ್ಯರು, ತಾಲೂಕು ಮತ್ತು ಜಿಲ್ಲಾ ಪಂಚಾಯತಿಗಳವರು. ಎಲ್ಲರಿಗಿಂತ ಹೆಚ್ಚು ಸಂಖ್ಯೆಯಲ್ಲಿ ಗ್ರಾಮಪಂಚಾಯತಿಗಳವರು. ಇಲ್ಲಿ ಒಂದು ವಿಚಿತ್ರವನ್ನು ತಾವು ಗಮನಿಸಬೇಕು. ಗ್ರಾಮಪಂಚಾಯತಿಯ ಚುನಾವಣೆಯು ಪಕ್ಷದ ಚಿಹ್ನೆಯಿಲ್ಲದೆ ನಡೆಯತಕ್ಕದ್ದು. ನೀರು, ದೀಪ, ಚರಂಡಿಗಳಿಗೆಂದು ಊರವರು ಆರಿಸಿದ ಆ ಸದಸ್ಯನೇ ಪರಿಷತ್ತಿನ ಚುನಾವಣೆಯಲ್ಲಿ ಪಕ್ಷದ ಉಮೇದುವಾರನಿಗೆ ಮತ ಕೊಡುವನು. ಮೇರಿಲ್ಯಾಂಡಿನ ನಿರ್ವಾಚಕನನ್ನು ಆರಿಸುವಾಗ ಜನರಿಗೆ ಇವನು ಸೆನೆಟರನ್ನು ಆರಿಸುವವನೆಂಬುದು ಗೊತ್ತಿರುತ್ತಿತ್ತು. ಕುರುಗೋಡಿನ ಹಳ್ಳಿಯ ಮತದಾರನು ಪಂಚಾಯತಿಗೆ ಒಬ್ಬನನ್ನು ಕಳುಹಿಸುವಾಗ ತಾನು ಪರಿಷತ್ತಿಗೂ ಒಂದು ಮತವನ್ನು ಅವನ ಕೈಗೆ ಕೊಡುತ್ತಿದ್ದೇನೆಂದು ಎಣಿಸುವನೇ? ನನಗೆ ಸಂದೇಹ. ಮೇಲಾಗಿ ಮತದಾರರು ಕೆಲವೇ ಸಾವಿರ ಜನರಾಗಿ, ಪ್ರತಿಯೊಬ್ಬರ ಹೆಸರು ಮನೆ ಗೊತ್ತಿರುವಾಗ, ಹಣದ ಥೈಲಿಗೆ ದಾರಿ ಸುಗಮವಾಗುತ್ತದೆ. ಇದನ್ನು ಬಿಡಿಸಿ ಹೇಳುವ ಅವಶ್ಯವಿಲ್ಲ.

ಇನ್ನೂ ಒಂದು ಸಂಗತಿ. ಸ್ಥಳೀಯ ಸಂಸ್ಥೆಗಳ ಚುನಾವಣೆ ನಡೆಯದೆ ಹೋದರೆ ಪರಿಷತ್ತಿನ ಮತದಾರರೇ ಮಾಯವಾಗುವರು. ನಮ್ಮ ರಾಜ್ಯದ ತಾಲೂಕು ಮತ್ತು ಜಿಲ್ಲಾ ಪಂಚಾಯತಿಗಳಿಗೆ ೨೦೧೬ರಲ್ಲಿ ಆಯ್ಕೆಯಾದವರ ಅವಧಿ ೨೦೨೧ರಲ್ಲಿ ಮುಗಿಯಿತು. ಹೊಸ ಚುನಾವಣೆ ಆಗದೆ ಇದ್ದುದರಿಂದ ಆ ವರ್ಷದ ಡಿಸೆಂಬರಿನ ಪರಿಷತ್ತಿನ ಚುನಾವಣೆ ಅವರಿಲ್ಲದೆ ನಡೆಯಿತು. ಸಂಸ್ಥೆಗಳಲ್ಲಿಯೂ ಮತದಾರರಲ್ಲಿಯೂ ಮುಕ್ಕಾಲು ಪಾಲಾದರೂ ಇದ್ದರೆ ಸಾಕು ಚುನಾವಣೆ ನಡೆಸಬಹುದೆಂಬುದು ಚುನಾವಣಾ ಆಯೋಗದ ನಿಯಮ. ಬಾಕಿ ಕಾಲು ಪಾಲು ಇಲ್ಲದಿದ್ದರೆ ಕೇಳುವವರಿಲ್ಲ.

ಈಗ ಪದವೀಧರರ ಮತ್ತು ಶಿಕ್ಷಕರ ಕ್ಷೇತ್ರಗಳ ವಿಚಾರ. ಬಳ್ಳಾರಿಯು ಎರಡರಲ್ಲಿಯೂ ಈಶಾನ್ಯ ಕ್ಷೇತ್ರಕ್ಕೆ ಸೇರಿದೆ. ಬೀದರಿನಿಂದ ಇಲ್ಲಿಯವರೆಗೆ, ಹೈದರಾಬಾದಿನಿಂದ ಬಂದವರೂ ಮದ್ರಾಸಿನಿಂದ ಬಂದ ನಾವೂ ಒಂದೇ ಯಾದಿಯಲ್ಲಿ. ಶಿಕ್ಷಕರ ಕ್ಷೇತ್ರದ ಚುನಾವಣೆ ೨೦೨೦ರ ಅಕ್ಟೋಬರಿನಲ್ಲಿಯೂ ಪದವೀಧರರದು ೨೦೨೪ರ ಜೂನಿನಲ್ಲಿಯೂ ನಡೆದವು. ಸದಸ್ಯರ ಅವಧಿ ಆರು ವರ್ಷ.

ಸಂವಿಧಾನವನ್ನು ರಚಿಸಿದವರು ಪದವೀಧರರಿಗೆ ಬೇರೆ ಸ್ಥಾನ ಕೊಟ್ಟುದಕ್ಕೆ ಆ ಕಾಲದಲ್ಲಿ ಒಂದು ಅರ್ಥವಿತ್ತು. ೧೯೫೧ರ ಜನಗಣತಿಯಲ್ಲಿ ದೇಶದ ಅಕ್ಷರಸ್ಥರು ನೂರಕ್ಕೆ ಹದಿನೆಂಟು. ವಯಸ್ಕರೆಲ್ಲರ ಮತದಿಂದ ಬರುವ ವಿಧಾನಸಭೆಯಲ್ಲಿ ಓದು ಬಲ್ಲವರು ವಿರಳವಾದಾರೆಂಬ ಅಂಜಿಕೆ ಇದ್ದೀತು. ಆ ಅಂಜಿಕೆ ಸುಳ್ಳಾಯಿತು. ಪದವೀಧರರು ವಿಧಾನಸಭೆಗೂ ಧಾರಾಳವಾಗಿ ಆರಿಸಿ ಬರುತ್ತಿದ್ದಾರೆ. ಇನ್ನೊಂದು ಸ್ವಾರಸ್ಯವಿದೆ. ಪದವೀಧರರ ಕ್ಷೇತ್ರದಿಂದ ನಿಲ್ಲುವ ಉಮೇದುವಾರನು ಪದವೀಧರನಾಗಿರಬೇಕೆ? ಮದ್ರಾಸಿನ ಪದವೀಧರ ಕ್ಷೇತ್ರದಿಂದ ಇಂಥ ವ್ಯಾಜ್ಯ ಹುಟ್ಟಿತು. ಅಲ್ಲಿಯ ಹೈಕೋರ್ಟು ಪದವೀಧರನಾಗಿರಲೇಬೇಕೆಂದಿತು. ನಾರಾಯಣಸ್ವಾಮಿ ವಿರುದ್ಧ ಪನ್ನೀರ್‌ಸೆಲ್ವಂ ಎಂಬ ಆ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ೧೯೭೨ರಲ್ಲಿ ಆ ತೀರ್ಪನ್ನು ತಳ್ಳಿಹಾಕಿತು. ಮತದಾರನಿಗೆ ಪದವಿ ಬೇಕು, ಆರಿಸಿ ಬರುವವನಿಗೆ ಬೇಡ! ಕಾನೂನಿನ ಅಕ್ಷರದ ದೃಷ್ಟಿಯಿಂದ ತೀರ್ಪು ಸರಿಯಾದದ್ದೇ. ಸಂವಿಧಾನವು ಉಮೇದುವಾರನಿಗೆ ಅಂಥ ಅರ್ಹತೆಯನ್ನು ವಿಧಿಸಿಲ್ಲ. ಆದರೆ ವಿದ್ವಾಂಸರ ಮನೆಯನ್ನು ಕಟ್ಟುವುದೇ ಉದ್ದೇಶವಾಗಿದ್ದರೆ ಆ ಉದ್ದೇಶದ ಕಂಬವು ಅಂದೇ ಕುಸಿಯಿತು. ಉಳಿದದ್ದು ಮತದಾರನನ್ನು ತಡೆಯುವ ಬೇಲಿಯೊಂದೇ.

ಶಿಕ್ಷಕರ ಕ್ಷೇತ್ರದಲ್ಲಿ ಬೇಲಿ ಇನ್ನೂ ಚುಚ್ಚುತ್ತದೆ. ಮಾಧ್ಯಮಿಕ ಶಾಲೆಗಿಂತ ಕೆಳದರ್ಜೆಯದಲ್ಲದ ವಿದ್ಯಾಸಂಸ್ಥೆಯಲ್ಲಿ ಮೂರು ವರ್ಷವಾದರೂ ಕಲಿಸಿದವರಿಗೆ ಮಾತ್ರ ಮತವೆಂದು ೧೭೧ನೆಯ ವಿಧಿ ಹೇಳುತ್ತದೆ. ಕೆಳದರ್ಜೆ! ಓನಾಮ ತಿದ್ದಿಸುವುದು ಕೆಳದರ್ಜೆಯ ಕೆಲಸವೇ? ಪ್ರಾಥಮಿಕ ಶಾಲೆಯ ಕಟ್ಟಡ, ಬಿಸಿಯೂಟ, ಉಪಾಧ್ಯಾಯರ ವರ್ಗಾವಣೆ, ಕನ್ನಡ ಮಾಧ್ಯಮದ ಅಳಿವು ಉಳಿವು, ಇವೆಲ್ಲ ಶಿಕ್ಷಕರ ಪ್ರತಿನಿಧಿಗಳು ಪರಿಷತ್ತಿನಲ್ಲಿ ಎತ್ತಬೇಕಾದ ಪ್ರಶ್ನೆಗಳೇ ಅಲ್ಲವೇ? ಹಾಗಿದ್ದೂ ಆ ಶಾಲೆಗಳಲ್ಲಿ ಕಲಿಸುವವರ ಮತ ಅವರಿಗೆ ಬೇಕಾಗಿಲ್ಲ. ಬೇಕಾಗದ ಮತದಾರನ ದೂರನ್ನು ಕೇಳುವ ಪ್ರತಿನಿಧಿಗಳು ಎಲ್ಲೋ ಅಪರೂಪ. ಪ್ರೌಢಶಾಲೆಯ ಮತ್ತು ಕಾಲೇಜಿನ ಉಪಾಧ್ಯಾಯರ ಮೇಲೆ ನನಗೆ ಅಸೂಯೆಯಿಲ್ಲ. ಅವರ ಎರಡು ಮತಗಳಲ್ಲಿ ಒಂದನ್ನು ಕಿತ್ತು ಹಂಚಬೇಕೆಂದೂ ಹೇಳುವುದಿಲ್ಲ. ಆದರೆ ಐವತ್ತು ಎಕರೆಯ ಕಟ್ಟಳೆಯನ್ನು ಓದಿ ನಕ್ಕ ನಾವು ಇದನ್ನು ಓದಿ ಸುಮ್ಮನಿರುವುದು ನ್ಯಾಯವಲ್ಲ.

ಇದು ಸಂವಿಧಾನದಲ್ಲಿಯೇ ಇರುವಾಗ ಏನು ಮಾಡುವುದೆಂದು ಕೆಲವರು ಕೈಚೆಲ್ಲುವರು. ವಕೀಲನಾಗಿ ಇಲ್ಲಿ ನಾನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ೧೭೧ನೆಯ ವಿಧಿಯ ಎರಡನೆಯ ಖಂಡವನ್ನು ಓದಿರಿ. ಪಾರ್ಲಿಮೆಂಟು ಕಾನೂನಿನ ಮೂಲಕ ಬೇರೆ ಏರ್ಪಾಡು ಮಾಡುವವರೆಗೆ ಪರಿಷತ್ತಿನ ರಚನೆಯು ಮೂರನೆಯ ಖಂಡದಂತೆ ಇರತಕ್ಕದ್ದೆಂದು ಅದರ ಅಭಿಪ್ರಾಯ. ಅಂದರೆ ಸಂವಿಧಾನವನ್ನು ರಚಿಸಿದವರೇ ಇದನ್ನು ತಾತ್ಕಾಲಿಕವಾದ ಏರ್ಪಾಡೆಂದು ಬಗೆದರು. ಸಂವಿಧಾನದ ತಿದ್ದುಪಡಿಗೆ ಬೇಕಾದ ವಿಶೇಷ ಬಹುಮತವೂ ಬೇಡ. ಪಾರ್ಲಿಮೆಂಟಿನ ಸಾಧಾರಣವಾದ ಒಂದು ಕಾಯಿದೆ ಸಾಕು. ಏಳು ದಶಕಗಳು ಕಳೆದರೂ ಆ ಕಾಯಿದೆ ಬಂದಿಲ್ಲವೆಂದರೆ ಅದನ್ನು ಕೇಳಿದವರಿಲ್ಲವೆಂದೇ ಅರ್ಥ.

ಪರಿಷತ್ತಿಗೆ ಅಧಿಕಾರವೇ ಅಲ್ಪ, ಅದಕ್ಕೇಕೆ ಇಷ್ಟು ಚರ್ಚೆ ಎಂದು ಕೇಳುವವರೂ ಉಂಟು. ಹಣಕಾಸಿನ ಮಸೂದೆಯನ್ನು ಅದು ಹದಿನಾಲ್ಕು ದಿನಗಳಿಗಿಂತ ಹೆಚ್ಚು ತಡೆಯಲಾರದೆಂಬುದು ನಿಜ. ಉಳಿದ ಮಸೂದೆಗಳನ್ನು ಮೊದಲ ಸಲ ಮೂರು ತಿಂಗಳು, ವಿಧಾನಸಭೆ ಪುನಃ ಅಂಗೀಕರಿಸಿ ಕಳುಹಿಸಿದರೆ ಒಂದು ತಿಂಗಳು ತಡೆಯಬಹುದು. ಆಮೇಲೆ ಪರಿಷತ್ತು ಒಪ್ಪಲಿ ಬಿಡಲಿ ಮಸೂದೆ ಅಂಗೀಕಾರವಾದಂತೆಯೇ. ೨೦೨೪ರ ಫೆಬ್ರವರಿಯಲ್ಲಿ ಹಿಂದೂ ಧಾರ್ಮಿಕ ಸಂಸ್ಥೆಗಳ ತಿದ್ದುಪಡಿ ಮಸೂದೆಯು ಪರಿಷತ್ತಿನಲ್ಲಿ ಸೋತಿತು. ಕೆಲವೇ ದಿನಗಳಲ್ಲಿ ವಿಧಾನಸಭೆ ಅದನ್ನು ಮತ್ತೆ ಅಂಗೀಕರಿಸಿತು. ರಾಷ್ಟ್ರಪತಿಗಳ ಚುನಾವಣೆಯಲ್ಲಿಯೂ ರಾಜ್ಯಸಭೆಯ ಚುನಾವಣೆಯಲ್ಲಿಯೂ ಪರಿಷತ್ತಿನ ಸದಸ್ಯರಿಗೆ ಮತವಿಲ್ಲ. ಪರಿಷತ್ತನ್ನೇ ರದ್ದು ಮಾಡಬೇಕಾದರೂ ವಿಧಾನಸಭೆಯ ಠರಾವು, ಪಾರ್ಲಿಮೆಂಟಿನ ಕಾಯಿದೆ ಇವೆರಡೇ ಸಾಕು. ಪರಿಷತ್ತಿನ ಅನುಮತಿಯನ್ನು ಯಾರೂ ಕೇಳುವುದಿಲ್ಲ. ಇಷ್ಟೆಲ್ಲ ಸರಿ. ಆದರೆ ಪರಿಷತ್ತಿನ ಸದಸ್ಯನು ಮಂತ್ರಿಯಾಗಬಲ್ಲನು, ಮುಖ್ಯಮಂತ್ರಿಯೂ ಆಗಬಲ್ಲನು. ಬಳ್ಳಾರಿಯು ಅದನ್ನು ೧೯೫೨ರಲ್ಲಿಯೇ ಕಂಡಿದೆ. ಪ್ರಶ್ನೆ ಕೇಳುವ, ಉತ್ತರ ಪಡೆಯುವ ಹಕ್ಕು ಅವನಿಗೆ ಪೂರ್ಣವಾಗಿ ಇದೆ. ದಡ್ಡ ಮಸೂದೆಯೊಂದರ ಮೇಲೆ ನಾಲ್ಕು ತಿಂಗಳು ಊರೂರಿನಲ್ಲಿ ಚರ್ಚೆ ನಡೆಯುವುದು ಸಣ್ಣ ಲಾಭವೇನೂ ಅಲ್ಲ.

ಮತವಿಲ್ಲದವರ ವಿಷಯ ಇದಾಯಿತು. ಮತವಿರುವವರ ವಿಷಯವನ್ನು ಹೇಳಿದರೆ ಸಭೆಯಲ್ಲಿ ಕೆಲವರು ಮುನಿಸಿಕೊಳ್ಳಬಹುದು, ಆದರೂ ಹೇಳುವೆನು. ವಿಧಾನಸಭೆಯ ಯಾದಿಯಲ್ಲಿ ಹೆಸರು ಒಮ್ಮೆ ಸೇರಿದರೆ ಉಳಿಯುತ್ತದೆ. ಪದವೀಧರರ ಮತ್ತು ಶಿಕ್ಷಕರ ಯಾದಿಗಳು ಹಾಗಲ್ಲ. ಪ್ರತಿ ಚುನಾವಣೆಗೂ ಹೊಸದಾಗಿ ತಯಾರಾಗುವಂಥವು. ಆರು ವರ್ಷದ ಹಿಂದೆ ಮತ ಕೊಟ್ಟೆನೆಂದು ನಂಬಿ ಕುಳಿತವರ ಹೆಸರು ಈ ಸಲ ಇರುವುದಿಲ್ಲ. ಪದವೀಧರರು ಹದಿನೆಂಟನೆಯ ನಮೂನೆಯನ್ನೂ ಶಿಕ್ಷಕರು ಹತ್ತೊಂಬತ್ತನೆಯ ನಮೂನೆಯನ್ನೂ ತುಂಬಿ ಕೊಡಬೇಕು. ಅರ್ಹತೆಯನ್ನು ಎಣಿಸುವ ದಿನ ನವೆಂಬರ್ ೧. ಆ ದಿನಕ್ಕೆ ಪದವಿ ಬಂದು ಮೂರು ವರ್ಷವಾಗಿರಬೇಕು. ಶಿಕ್ಷಕರಾದರೆ ಅದರ ಹಿಂದಿನ ಆರು ವರ್ಷಗಳಲ್ಲಿ ಒಟ್ಟು ಮೂರು ವರ್ಷವಾದರೂ ಕಲಿಸಿರಬೇಕು. ಪ್ರಾಥಮಿಕ ಶಾಲೆಯ ಉಪಾಧ್ಯಾಯರಲ್ಲಿ ಈಗ ಪದವೀಧರರು ಅನೇಕರಿದ್ದಾರೆ. ಶಿಕ್ಷಕರ ಯಾದಿಯ ಬಾಗಿಲು ಮುಚ್ಚಿದ್ದರೂ ಪದವೀಧರರ ಯಾದಿಯ ಬಾಗಿಲು ಅವರಿಗೆ ತೆರೆದಿದೆ. ಇದು ಅವರಲ್ಲಿ ಎಷ್ಟೋ ಜನರಿಗೆ ತಿಳಿಯದು. ಯಾದಿಯು ಚಿಕ್ಕದಾಗಿದ್ದಷ್ಟೂ ಅದನ್ನು ತುಂಬುವವರು ಉಮೇದುವಾರರ ಕಡೆಯ ಜನರೇ ಆಗುವರು; ನಮೂನೆಗಳನ್ನು ಕಟ್ಟುಕಟ್ಟಾಗಿ ಹಂಚಿ, ತುಂಬಿಸಿ, ತಮ್ಮ ಮತದಾರರನ್ನು ತಾವೇ ತಯಾರಿಸಿಕೊಳ್ಳುವರು.

ಮತ ಕೊಡುವ ರೀತಿಯೂ ಬೇರೆ. ಯಂತ್ರವಿಲ್ಲ, ಗುಂಡಿಯಿಲ್ಲ, ಕಾಗದದ ಮತಪತ್ರ. ಮತಗಟ್ಟೆಯಲ್ಲಿ ಕೊಡುವ ನೇರಳೆ ಬಣ್ಣದ ಲೇಖನಿಯಿಂದಲೇ ಮೆಚ್ಚಿದ ಉಮೇದುವಾರನ ಹೆಸರಿನ ಮುಂದೆ ೧ ಎಂಬ ಅಂಕಿಯನ್ನು ಬರೆಯಬೇಕು. ಅನಂತರ ಇಷ್ಟವಿದ್ದರೆ ೨, ೩ ಹೀಗೆ. ಗೆಲ್ಲಬೇಕಾದರೆ ಸಿಂಧುವಾದ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬೇಕು, ಸಾವಿರವಿದ್ದರೆ ಐನೂರೊಂದು. ಮೊದಲ ಎಣಿಕೆಯಲ್ಲಿ ಯಾರಿಗೂ ಅಷ್ಟು ಬರದಿದ್ದರೆ ಕಡೆಯವನನ್ನು ಬಿಟ್ಟು, ಅವನ ಮತಪತ್ರಗಳಲ್ಲಿ ಎರಡನೆಯ ಅಂಕಿ ಯಾರಿಗಿದೆಯೋ ಅವರಿಗೆ ಸೇರಿಸುವರು. ಆದುದರಿಂದ ಎರಡನೆಯ ಅಂಕಿಯನ್ನು ಬರೆಯದೆ ಬರುವವರು ತಮ್ಮ ಮತದ ಅರ್ಧ ಬಲವನ್ನು ಅಲ್ಲಿಯೇ ಬಿಟ್ಟು ಬಂದಂತೆ. ಸರಿಗುರುತು ಹಾಕಿದರೆ, ಸಹಿ ಮಾಡಿದರೆ, ೧ ಎಂಬುದನ್ನು ಇಬ್ಬರ ಮುಂದೆ ಬರೆದರೆ, ಒಂದು ಎಂದು ಅಕ್ಷರದಲ್ಲಿ ಬರೆದರೆ ಮತ ಅಸಿಂಧು. ಪದವೀಧರರ ಚುನಾವಣೆಯಲ್ಲಿಯೇ ಅಸಿಂಧು ಮತಗಳ ರಾಶಿ ಬೀಳುವುದನ್ನು ಪತ್ರಿಕೆಗಳಲ್ಲಿ ತಾವು ಓದಿರುವಿರಿ. ಪದವಿಯೇ ವಿವೇಕದ ಗುರುತೆಂದು ಸಂವಿಧಾನಕ್ಕೆ ಬರೆದವರು ಆ ರಾಶಿಯನ್ನು ನೋಡಿದ್ದರೆ ಏನೆನ್ನುತ್ತಿದ್ದರೋ!

ಕಡೆಯದಾಗಿ ನನ್ನ ಸೂಚನೆ ಇಷ್ಟು. ಈಶಾನ್ಯ ಕ್ಷೇತ್ರದಿಂದ ನಿಲ್ಲುವ ಪ್ರತಿಯೊಬ್ಬ ಉಮೇದುವಾರನೂ ಬಳ್ಳಾರಿಗೆ, ಸಿರುಗುಪ್ಪಕ್ಕೆ, ಕುರುಗೋಡಿಗೆ ಮತ ಕೇಳಲು ಬರುವನು. ಬಂದಾಗ ಹಾರ ತುರಾಯಿಗಳ ಮೊದಲು ಒಂದು ಪ್ರಶ್ನೆಯನ್ನು ಸಭೆಯಲ್ಲಿಯೇ ಕೇಳಿರಿ: ಪ್ರಾಥಮಿಕ ಶಾಲೆಯ ಉಪಾಧ್ಯಾಯರಿಗೆ ಮತ ಕೊಡುವ ಕಾಯಿದೆಯನ್ನು ಪಾರ್ಲಿಮೆಂಟು ಮಾಡಬೇಕೆಂದು ಪರಿಷತ್ತಿನಲ್ಲಿ ಠರಾವನ್ನು ತರುವಿರಾ, ಇಲ್ಲವಾ? ಉತ್ತರವನ್ನು ಬರೆದುಕೊಳ್ಳಿರಿ, ಸಾಧ್ಯವಾದರೆ ಅವರ ರುಜುವನ್ನೂ ಪಡೆಯಿರಿ. ನಮೂನೆಗಳು ತಾಲೂಕು ಕಚೇರಿಯಲ್ಲಿ ದೊರೆಯುತ್ತವೆ. ಪದವಿಪತ್ರದ ದೃಢೀಕರಿಸಿದ ಪ್ರತಿಯೊಂದನ್ನು ಇಂದೇ ತೆಗೆದಿಟ್ಟುಕೊಳ್ಳಿರಿ.